ಫೈನಲ್ ನೋಡುವಾಗ ಮನೆಯ ಹಿರಿಯರ ಕಡೆಯೂ ಗಮನವಿರಲಿ

2025ರ ಸೆಪ್ಟೆಂಬರ್ 28ರ ಏಷ್ಯಾ ಕಪ್ ಫೈನಲ್ ನೆನಪಿದೆ ಅಲ್ವಾ? ದುಬೈನಲ್ಲಿ ಪಾಕಿಸ್ತಾನದ ಎದುರು ನಮಗೆ 147 ಬೇಕಿತ್ತು. 20 ರನ್ನಿಗೇ 3 ವಿಕೆಟ್ ಬಿದ್ದವು. ತಿಲಕ್ ವರ್ಮಾ ಔಟಾಗದೆ 69 ಹೊಡೆದರು. 2 ಎಸೆತ ಉಳಿದಿರುವಾಗ ಗೆದ್ದೆವು. ಎಂಥಾ ಆಟ! ಆದರೆ ಅಷ್ಟೊತ್ತಿಗೆ ನಡುರಾತ್ರಿ ಹತ್ತಿರವಾಗಿತ್ತು. ಅಪ್ಪ ಊಟ ಮಾಡಿರಲಿಲ್ಲ, ಬಿಪಿ ಮಾತ್ರೆಯನ್ನೂ ತಗೊಂಡಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಇದು ಸುಮ್ನೆ ಭಯವಲ್ಲ. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ವೈದ್ಯರು ಲೆಕ್ಕ ಹಾಕಿದ್ದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತ ಜಾಸ್ತಿ ಇದ್ದವು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಹಾಗಾಗಿ ಈಗ ನಮ್ಮನೆಯಲ್ಲಿ ಟಾಸ್‌ಗೆ ಮೊದಲೇ ಊಟ. ಮಾತ್ರೆ ಡಾಕ್ಟರ್ ಹೇಳಿದ ಹೊತ್ತಿಗೇ, ಓವರ್ ಮುಗಿಯಲಿ ಅನ್ನುವ ಮಾತಿಲ್ಲ. ಇನ್ನಿಂಗ್ಸ್ ನಡುವೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿಸುತ್ತೇನೆ. ಎದೆ ಹಿಡಿದ ಹಾಗೆ ಆದರೆ, ತಣ್ಣಗೆ ಬೆವರಿದರೆ, ಗ್ಯಾಸ್ ಇರಬೇಕು ಅಂತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಮೊಬೈಲ್‌ನಲ್ಲಿ ಬರುವ ಆಟ ಸಾಮಾನ್ಯವಾಗಿ ಟಿವಿಗಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ. ಪಕ್ಕದ ಮನೆಯ ಕೂಗು ಮೊದಲು ಕೇಳಿಸಿದರೆ ಏನಾಯಿತೋ ಅನ್ನುವ ತಳಮಳ ಇನ್ನೂ ಜಾಸ್ತಿ. ಕೊನೆಯ ಓವರ್‌ಗಳಲ್ಲಾದರೂ ಎಲ್ಲರೂ ಒಟ್ಟಿಗೆ ಟಿವಿ ಮುಂದೆ ಕೂರಿ.