ನೋವು ಮಣಿಕಟ್ಟಲ್ಲಿ, ಕಾರಣ ಸೈಕಲ್ಲಲ್ಲಿ

ಯಲಹಂಕದ ಆಚೆ ಅವಲಹಳ್ಳಿ ಕಾಡಿನ ಮಣ್ಣುದಾರಿಯಲ್ಲಿ ಎರಡು ಗಂಟೆ ಸೈಕಲ್ ತುಳಿದು ಮನೆಗೆ ಬಂದಿದ್ದೆ. ಬೆವರಿನ ಟೀ ಶರ್ಟನ್ನು ನಲ್ಲಿ ಕೆಳಗೆ ಹಿಡಿದು ಹಿಂಡಲು ಹೋದರೆ ಬಲಗೈ ಮಣಿಕಟ್ಟು ಚಳಕ್ ಅಂತು. ಬಟ್ಟೆ ಕೈಯಿಂದ ಜಾರಿಯೇ ಬಿಟ್ಟಿತು. ಸಂಜೆ ಅಂಗಿಯ ಗುಂಡಿ ಹಾಕುವಾಗಲೂ ಕಿರುಬೆರಳಿನ ಜೋಮು ಇಳಿದಿರಲಿಲ್ಲ.

ಮುಲಾಮು ಹಚ್ಚಿದೆ, ಪಟ್ಟಿ ಕಟ್ಟಿದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ನೋವು ಇಳಿಯತೊಡಗಿದ್ದು ಬ್ರೇಕ್ ಲಿವರನ್ನು ಜಾಗ ಬದಲಿಸಿ ಕೂರಿಸಿದ ಮೇಲೆ. ಗುಡ್ಡಗಾಡಿನಲ್ಲಿ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ ಓಡಿಸುವ ಎಷ್ಟೋ ಜನ ಈ ನೋವನ್ನು ಸುಮ್ನೆ ಸಹಿಸಿಕೊಂಡಿರುತ್ತಾರೆ. ಸಹಿಸಬೇಕಾಗಿಲ್ಲ. ಮನೆಯಲ್ಲೇ ಅಲೆನ್ ಕೀ (ಬೋಲ್ಟ್ ತಿರುಗಿಸುವ ಎಲ್ ಆಕಾರದ ಕಡ್ಡಿ) ಹಿಡಿದು ಒಂದು ಸಂಜೆ ಕೂತರೆ ಬಹಳಷ್ಟು ಸರಿಮಾಡಬಹುದು.

ಮೊದಲು ನೋವಿನ ಜಾಗ ಹುಡುಕಿ

ಬಿದ್ದ ಮೇಲೆ ಶುರುವಾದ ನೋವಾದರೆ ಸೈಕಲ್ ಮುಟ್ಟಬೇಡಿ. ಹೆಬ್ಬೆರಳನ್ನು ಹೊರಕ್ಕೆ ಸೆಟೆಸಿ ನೋಡಿ. ಅದರ ಬುಡದಲ್ಲಿ, ಎರಡು ನರಗಳ ಹಾಗೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಒಳಗಿನ ಸ್ಕೇಫಾಯ್ಡ್ ಮೂಳೆ ಸೀಳಿರಬಹುದು. ಈ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ನಿರ್ಲಕ್ಷ್ಯ ಮಾಡಿದರೆ ಕೂಡದೆ ಉಳಿಯಬಹುದು. ಮೊದಲ ಎಕ್ಸ್‌ರೇಯಲ್ಲಿ ಸೀಳು ಕಾಣದೇ ಇರಬಹುದು. ಅನುಮಾನ ಇದ್ದರೆ ವೈದ್ಯರು ಕೈ ಅಲುಗದಂತೆ ಪಟ್ಟಿ ಹಾಕಿ, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ. "ಏನೂ ಕಾಣ್ತಿಲ್ವಲ್ಲ" ಅಂತ ಅರ್ಧಕ್ಕೇ ಬಿಡಬೇಡಿ.

ಬೀಳದೇ ಬಂದ ನೋವಾದರೆ ಬೆರಳುಗಳೇ ಸುಳಿವು ಕೊಡುತ್ತವೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್‌ಗೆ ಒತ್ತಿಕೊಳ್ಳುತ್ತಿದೆ ಅಂತ. ಆ ಜಾಗದಲ್ಲಿ ನರದ ಮೇಲೆ ಮಾಂಸ ಜಾಸ್ತಿ ಇಲ್ಲ. ಸೈಕಲ್ ಸವಾರರಲ್ಲಿ ಇದು ಎಷ್ಟು ಮಾಮೂಲು ಅಂದರೆ ವೈದ್ಯರು 'ಹ್ಯಾಂಡಲ್‌ಬಾರ್ ಪಾಲ್ಸಿ' ಅಂತ ಹೆಸರೇ ಇಟ್ಟಿದ್ದಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಮಣಿಕಟ್ಟಿನ ನಡುವೆ ಹೋಗುವ ಮೀಡಿಯನ್ ನರ. ಮಣಿಕಟ್ಟು ತುಂಬ ಹೊತ್ತು ಹಿಂದಕ್ಕೆ ಮಡಚಿಕೊಂಡಿದ್ದರೆ ಅದರ ಮೇಲೆ ಒತ್ತಡ ಬೀಳುತ್ತದೆ. ಜೋಮಿಲ್ಲದೆ ಹೆಬ್ಬೆರಳಿನ ಬುಡ ಮಾತ್ರ ನೋಯುತ್ತಿದ್ದರೆ, ಗೇರ್ ಲಿವರನ್ನು ಒತ್ತಿ ಒತ್ತಿ ಅಲ್ಲಿನ ಸ್ನಾಯುರಜ್ಜು ಊದಿಕೊಂಡಿರಬಹುದು.

ಬ್ರೇಕ್ ಲಿವರ್: ಇಲ್ಲಿ ಆತುರ ಬೇಡ

ನನ್ನ ಮಟ್ಟಿಗೆ ಅರ್ಧ ನೋವು ಇಲ್ಲೇ ಇತ್ತು. ಹೊಸ ಸೈಕಲ್ ತಂದಾಗ ಲಿವರ್ ಹೇಗಿತ್ತೋ ಹಾಗೇ ಬಿಟ್ಟುಬಿಡುತ್ತೇವೆ ಅಲ್ವಾ? ಅದು ನಿಮ್ಮ ಕೈ ಅಳತೆ ನೋಡಿ ಕೂರಿಸಿದ್ದಲ್ಲ.

ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿ. ಕೂತುಕೊಳ್ಳಬೇಡಿ. ಇಳಿಜಾರಿನಲ್ಲಿ ನಿಲ್ಲುವ ಹಾಗೆ ಪೆಡಲ್ ಮೇಲೆ ನಿಂತು, ಮೊಣಕೈ ಸ್ವಲ್ಪ ಮಡಚಿ, ಒಂದು ಬೆರಳನ್ನು ಬ್ರೇಕ್ ಮೇಲಿಡಿ. ಈಗ ಮನೆಯವರನ್ನು ಕರೆದು ಮುಂಗೈಯಿಂದ ಬೆರಳಿನ ಗಂಟಿನವರೆಗೆ ಮರದ ಸ್ಕೇಲ್ ಹಿಡಿಯಲು ಹೇಳಿ. ಮುಂಗೈ, ಮಣಿಕಟ್ಟು, ಹಿಂಗೈ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರಬೇಕು. ಮಣಿಕಟ್ಟು ಕೆಳಗಿಳಿದು ಹಿಂಗೈ ಮೇಲೆದ್ದರೆ ಲಿವರ್ ತುಂಬ ಮೇಲಿದೆ. ಲಿವರ್ ಅತಿಯಾಗಿ ನೆಲ ನೋಡುತ್ತಿದ್ದರೆ ಬೆರಳು ಅದನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ, ಕೈ ಮುಂದಕ್ಕೆ ಉರುಳುತ್ತದೆ.

ಎಲ್ಲಿಂದ ಶುರು ಮಾಡುವುದು? ಮುಂದಿನ ಚಕ್ರ ನಿಮ್ಮ ಬಲಕ್ಕೆ ಬರುವಂತೆ ಸೈಕಲ್ಲಿನ ಪಕ್ಕ ನಿಂತು, ಲಿವರನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ. ಮೂರು ಗಂಟೆ ಅಂದರೆ ನೆಲಕ್ಕೆ ಸಮ. ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ಒಂದು ಕಡೆ ನಿಮಗೆ ಸರಿಹೋಗುತ್ತದೆ. ಲಿವರಿನ ಬೋಲ್ಟ್ ಸಡಿಲಿಸಿ, ಒಂದು ಸಲಕ್ಕೆ ಒಂದು ಚೂರು ಮಾತ್ರ ತಿರುಗಿಸಿ. ಮೊದಲಿದ್ದ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನೆರಡು ಕೆಲಸ. ಲಿವರ್ ಗ್ರಿಪ್‌ಗೆ ಅಂಟಿಕೊಂಡಿದ್ದರೆ ಬೆರಳು ಅದರ ನಡುವೆ ಬೀಳುತ್ತದೆ, ಹಿಡಿಯಲು ಜಾಸ್ತಿ ಬಲ ಬೇಕಾಗುತ್ತದೆ. ಒಂದೆರಡು ಸೆಂಟಿಮೀಟರ್ ಒಳಕ್ಕೆ ಸರಿಸಿ, ತುದಿಯ ಕೊಕ್ಕೆ ತೋರುಬೆರಳಿಗೆ ಸಿಗುವ ಹಾಗೆ. ಆಮೇಲೆ ಲಿವರಿನ ಸಣ್ಣ ಸ್ಕ್ರೂ ತಿರುಗಿಸಿ, ಬೆರಳಿನ ಮೊದಲ ಗೆಣ್ಣು ಅದರ ಮೇಲೆ ಆರಾಮಾಗಿ ಕೂರುವಷ್ಟು ಹತ್ತಿರ ತನ್ನಿ. ಹೈಡ್ರಾಲಿಕ್ (ವೈರಿನ ಬದಲು ದ್ರವದ ಒತ್ತಡದಿಂದ ಹಿಡಿಯುವ) ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಉಳಿದ ಬೆರಳುಗಳಿಗೆ ಹಿಡಿಯುವ ಕೆಲಸ ಬಿಡಿ. ವೈರಿನ ಬ್ರೇಕ್ ಆದರೆ ಎರಡು ಬೆರಳು ಬೇಕಾಗಬಹುದು, ವೈರ್ ತುಕ್ಕು ಹಿಡಿದು ಗಟ್ಟಿಯಾಗಿದ್ದರೆ ಬದಲಿಸಿ.

ಸೀಟು, ಟೈರು, ಫೋರ್ಕು

ಸೀಟಿನ ಮೂತಿ ಕೆಳಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯುವುದು ನಿಮ್ಮ ಅಂಗೈ. ಸೀಟಿನ ಮೇಲೆ ದಪ್ಪ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿ. ಸಮ ಮಾಡಿ.

ಟೈರಿನ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ನಡೆದೇ ಇದೆ. ಗಾಳಿ ಕಲ್ಲಿನ ಹಾಗೆ ಗಟ್ಟಿ ಇದ್ದರೇ ಒಳ್ಳೆಯದು ಅಂತ 45–50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸುತ್ತಾರೆ. ಡಾಂಬರು ರಸ್ತೆಗೆ ಸರಿ, ಜಲ್ಲಿ ಮತ್ತು ಬೇರಿನ ದಾರಿಗೆ ಅಲ್ಲ. ಪ್ರತಿ ಕಲ್ಲಿನ ಪೆಟ್ಟೂ ಕೈಗೇ ಬರುತ್ತದೆ. 70 ಕೆ.ಜಿ. ತೂಕದವರು, 2.2 ಇಂಚಿನ ಟ್ಯೂಬ್ ಟೈರಿಗೆ 28–30 ಪಿಎಸ್‌ಐನಿಂದ ಶುರು ಮಾಡಬಹುದು. ಕಲ್ಲು ರಿಮ್ಮಿಗೆ ತಾಗುವ ಸದ್ದು ಬಂದರೆ ಎರಡು ಪಾಯಿಂಟ್ ಏರಿಸಿ. ಟ್ಯೂಬ್‌ಲೆಸ್ ಆದರೆ ಇನ್ನೂ ಸ್ವಲ್ಪ ಇಳಿಸಬಹುದು.

ಮುಂದಿನ ಚಕ್ರ ಹಿಡಿದು ಪೆಟ್ಟು ತಡೆಯುವ ಫೋರ್ಕು ಗಾಳಿ ತುಂಬುವಂಥದ್ದಾದರೆ, ನೀವು ಹತ್ತಿ ನಿಂತಾಗ ಅದು ಪೂರ್ತಿ ಇಳಿಯಬಲ್ಲ ದೂರದ 20–25 ಶೇಕಡಾ ಇಳಿಯಬೇಕು. 120 ಮಿ.ಮೀ. ಫೋರ್ಕಿಗೆ 24–30 ಮಿ.ಮೀ. ಜೊತೆಗೆ, ರಸ್ತೆಯಲ್ಲಿ ಫೋರ್ಕು ಅಲುಗದಂತೆ ಹಾಕಿದ ಲಾಕ್ ಕಾಡಿಗೆ ಬಂದ ಮೇಲೆ ತೆಗೆದಿರಾ ನೋಡಿ.

ಗ್ರಿಪ್ ಮತ್ತು ಹ್ಯಾಂಡಲ್ ಅಗಲ

ಸಣ್ಣ ಕೈಗೆ ತೆಳು ಗ್ರಿಪ್, ದೊಡ್ಡ ಕೈಗೆ ದಪ್ಪ ಗ್ರಿಪ್. ಕಿರುಬೆರಳ ಕಡೆ ಜೋಮು ಬರುವವರಿಗೆ ಹೊರತುದಿಯಲ್ಲಿ ರೆಕ್ಕೆಯ ಹಾಗೆ ಅಗಲವಾದ ಗ್ರಿಪ್ ಸಹಾಯ ಮಾಡುತ್ತದೆ, ಭಾರ ಹಂಚಿಹೋಗುತ್ತದೆ. ಈಗಿನ ಹ್ಯಾಂಡಲ್‌ಗಳು 740ರಿಂದ 800 ಮಿ.ಮೀ. ಅಗಲ ಬರುತ್ತವೆ. ಭುಜ ಕಿರಿದಾದವರಿಗೆ 800 ಜಾಸ್ತಿಯೇ, ಮಣಿಕಟ್ಟು ತಿರುಚಿಕೊಳ್ಳುತ್ತದೆ. ಹಾಗಂತ ತಕ್ಷಣ ಗರಗಸ ಹಿಡಿಯಬೇಡಿ. ಗ್ರಿಪ್ ಮತ್ತು ಲಿವರನ್ನು ಒಳಗೆ ಸರಿಸಿ, ಬಯಲಲ್ಲಿ ನಿಧಾನವಾಗಿ ಓಡಿಸಿ ನೋಡಿ. ಹಿತ ಅನ್ನಿಸಿದರೆ ಮಾತ್ರ ಕತ್ತರಿಸಿ.

ಭಾರ ಕಾಲಿಗೆ ಬಿಡಿ

ಇಳಿಜಾರಿನಲ್ಲಿ ಭಯವಾದಾಗ ನಾವೆಲ್ಲ ಹ್ಯಾಂಡಲ್ ಬಿಗಿಹಿಡಿಯುತ್ತೇವೆ. ಕೈ ಸೋಲುವುದು ಅಲ್ಲೇ. ಎರಡೂ ಪೆಡಲ್ ಸಮಕ್ಕೆ ತಂದು, ಹಿಮ್ಮಡಿ ಕೆಳಗಿಳಿಸಿ, ಸೊಂಟ ಮಡಚಿ ಹಿಂದೆ ತಳ್ಳಿ. ಮೊಣಕೈ ಹೊರಕ್ಕೆ ಇರಲಿ. ಕಲಿಯಲು ಸಣ್ಣ, ಕಲ್ಲಿಲ್ಲದ ಇಳಿಜಾರು ಹುಡುಕಿ. ಅಲ್ಲಿ ಇಳಿಯುವಾಗ ಅಂಗೈ ಎತ್ತದೆ, ಹಾರ್ಮೋನಿಯಂ ನುಡಿಸುವ ಹಾಗೆ ಬೆರಳು ಆಡಿಸಲು ಆಗಬೇಕು. ಆಗದಿದ್ದರೆ ಭಾರ ಇನ್ನೂ ಕೈಮೇಲಿದೆ ಅಂತ ತಿಳಿಯಿರಿ. ನನಗೆ ಇದು ಬರಲು ಒಂದು ತಿಂಗಳಾಯಿತು, ಬಂದ ದಿನ ಅದೇ ದಾರಿ ಬೇರೆಯಾಗಿ ಕಂಡಿತು.

ಕೈಗೆ ವಿಶ್ರಾಂತಿ, ಆಮೇಲೆ ಕಸರತ್ತು

ನೋವಿದ್ದಾಗ ಕಲ್ಲುದಾರಿ ಬಿಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10–15 ನಿಮಿಷ ಇಡಬಹುದು. ನೋವು ತಗ್ಗಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದ ಹೊರಗಿರಲಿ. ಇನ್ನೊಂದು ಕೈಯಿಂದ ಬಾಟಲಿ ಎತ್ತಿಕೊಟ್ಟು, ನೋಯುವ ಕೈಯಿಂದ ಮಾತ್ರ ನಿಧಾನವಾಗಿ ಇಳಿಸಿ. 10–15 ಸಲ, ವಾರಕ್ಕೆ ಮೂರು ದಿನ.

ಜೋಮು ಹಲವು ದಿನ ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಲೋಟ ಕೈಯಿಂದ ಜಾರುತ್ತಿದ್ದರೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಇಳಿದು ಗುಳಿ ಬಿದ್ದಂತೆ ಕಂಡರೆ ವೈದ್ಯರನ್ನು ನೋಡಿ. ತಡಮಾಡಬೇಡಿ.

ಮುಂದಿನ ಸವಾರಿಗೆ ಹೋಗುವಾಗ ಅಲೆನ್ ಕೀ ಜೇಬಿನಲ್ಲಿರಲಿ. ಅರ್ಧ ಗಂಟೆಗೊಮ್ಮೆ ನೆರಳಿರುವ ಕಡೆ ನಿಂತು ಬೆರಳು ಮಡಚಿ ಬಿಚ್ಚಿ ನೋಡಿ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಬೋಲ್ಟ್ ಬಿಗಿಯಾಗಿದೆಯಾ ನೋಡಿಕೊಂಡು ಮತ್ತೆ ಹೊರಡಿ.