ಫೀಲ್ಡ್ ಪೋಸ್ಟಿಂಗ್ ಬಂದಾಗ: ಸೈನಿಕನ ಮನೆಯವರು ಮಾಡಿಕೊಳ್ಳಬೇಕಾದ ವ್ಯವಸ್ಥೆ

ಭೂಸೇನೆಯ ಜವಾನನಿಗೆ ಪೀಸ್ ಸ್ಟೇಷನ್ನಿನಿಂದ (ಕುಟುಂಬದೊಂದಿಗೆ ಇರಬಹುದಾದ ನೆಲೆ) ಫೀಲ್ಡ್ ಪ್ರದೇಶಕ್ಕೆ (ಗಡಿಯಂಥ ಕಾರ್ಯಾಚರಣೆಯ ಪ್ರದೇಶ) ವರ್ಗವಾದರೆ ಹೆಂಡತಿ ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಕೆಲವರು ಎಸ್‌ಎಫ್ ಕ್ವಾರ್ಟರ್ಸ್‌ಗೆ, ಅಂದರೆ ಸೈನಿಕನಿಂದ ದೂರವಿರುವ ಕುಟುಂಬಗಳಿಗೆ ಸೇನೆ ಕೊಡುವ ಮನೆಗೆ, ಅರ್ಜಿ ಹಾಕಿ ಬೆಂಗಳೂರಿನಂಥ ಊರಿನಲ್ಲಿ ನೆಲೆಸುತ್ತಾರೆ. ಉಳಿದವರು ಬೆಳಗಾವಿ, ಬಾಗಲಕೋಟೆ, ಧಾರವಾಡ, ಕೊಡಗುಗಳ ತಮ್ಮ ಊರುಮನೆಗೆ ಮರಳುತ್ತಾರೆ. ಎಲ್ಲಿಯೇ ಇದ್ದರೂ, ಫೋನು ಸಿಗುವ ದಿನಗಳು ಹೇಗೋ ಕಳೆಯುತ್ತವೆ. ಮೊದಲೇ ಯೋಚಿಸಿ ಸಿದ್ಧಪಡಿಸಿಕೊಳ್ಳಬೇಕಾದದ್ದು ಫೋನು ಸಿಗದ ದಿನಗಳನ್ನು.

ಮೊದಲ ಕೆಲಸ ಮೊಬೈಲ್ ನಂಬರಿನದು. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಾಗಲಿ ಲಡಾಖಿನಲ್ಲಾಗಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಅದನ್ನು ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಅಲ್ಲಿನ ಸಿಮ್ ಪಡೆಯಬೇಕು. ಇದಕ್ಕಿಂತ ದೊಡ್ಡ ತೊಡಕು ಒಟಿಪಿಯದು. ಬ್ಯಾಂಕ್ ಖಾತೆ, ಗ್ಯಾಸ್ ಸಂಪರ್ಕ, ಮಗುವಿನ ಶಾಲೆಯ ಶುಲ್ಕ ಎಲ್ಲವೂ ಯಜಮಾನನ ನಂಬರಿಗೇ ಜೋಡಣೆಯಾಗಿದ್ದರೆ, ಅವನು ನೆಟ್‌ವರ್ಕ್ ಇಲ್ಲದ ಪೋಸ್ಟಿನಲ್ಲಿ ಕುಳಿತಾಗ ಇಲ್ಲಿ ಮನೆ ನಡೆಸುವವರ ಕೈ ಕಟ್ಟಿಹೋಗುತ್ತದೆ. ಮನೆಖರ್ಚಿಗೆಂದು ಹೆಂಡತಿಯ ಹೆಸರಿನಲ್ಲಿ ಅವಳದೇ ನಂಬರಿರುವ ಒಂದು ಖಾತೆ ತೆರೆದು, ಪ್ರತಿ ತಿಂಗಳು ತಾನಾಗಿ ಹಣ ಜಮೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡುವುದು ಉತ್ತಮ. ಮದುವೆ ಮತ್ತು ಮಕ್ಕಳ ಜನನ ಪಾರ್ಟ್ ಟು ಆರ್ಡರ್‌ನಲ್ಲಿ (ಸೈನಿಕನ ವೈಯಕ್ತಿಕ ವಿವರಗಳನ್ನು ದಾಖಲಿಸುವ ಸೇನಾ ಆದೇಶ) ದಾಖಲಾಗಿವೆಯೇ, ನಾಮಿನಿಯ ಹೆಸರು ಸರಿಯಾಗಿದೆಯೇ, ಮಿಲಿಟರಿ ಆಸ್ಪತ್ರೆಗೆ ಬೇಕಾದ ಡಿಪೆಂಡೆಂಟ್ ಕಾರ್ಡ್ ಮತ್ತು ಕ್ಯಾಂಟೀನ್ ಕಾರ್ಡ್ ಮನೆಯಲ್ಲಿವೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಸೈನ್ಯದಲ್ಲಿ ದಾಖಲೆಯಿಲ್ಲದ ಸಂಬಂಧಕ್ಕೆ ಸೌಲಭ್ಯ ದೊರೆಯುವುದು ಕಷ್ಟ.

ಸಿಯಾಚಿನ್ ಹಿಮನದಿಯಲ್ಲಿ 1984ರ ಏಪ್ರಿಲ್‌ನಿಂದ ನಮ್ಮ ಸೇನೆ ನೆಲೆಸಿದೆ. ಬಹುಕಾಲ ಅಲ್ಲಿಂದ ಮನೆಗೆ ಮಾತಾಡಲು ಇದ್ದದ್ದು ಸ್ಯಾಟಲೈಟ್ ಫೋನು ಮತ್ತು ಅದರ ಮುಂದಿನ ಸರದಿ. 2023ರಲ್ಲಿ ಬಿಎಸ್‌ಎನ್‌ಎಲ್ ಅಲ್ಲಿ 15,500 ಅಡಿ ಎತ್ತರದಲ್ಲಿ ಮೊಬೈಲ್ ಗೋಪುರ ಸ್ಥಾಪಿಸಿತು. ಆದರೂ ಗೋಪುರ ಇದ್ದ ಮಾತ್ರಕ್ಕೆ ದಿನವೂ ಕರೆ ಬಂದೀತೆಂದು ಎಣಿಸಬಾರದು: ಗಸ್ತು, ಕಾರ್ಯಾಚರಣೆ, ಹಿಮಪಾತ, ಬ್ಯಾಟರಿ, ಕೆಲವೊಮ್ಮೆ ಫೋನನ್ನು ಕೆಳಗೇ ಇಟ್ಟು ಹೋಗಬೇಕೆಂಬ ಆದೇಶ, ಹೀಗೆ ಕಾರಣಗಳು ಹಲವು. 'ದಿನಾ ರಾತ್ರಿ ಎಂಟಕ್ಕೆ ಮಾಡ್ತೀನಿ' ಎಂಬ ಮಾತನ್ನು ಕೊಡಿಸಿಕೊಳ್ಳಬೇಡಿ. ಒಂದು ದಿನ ತಪ್ಪಿದರೆ ಮನೆಯವರೆಲ್ಲ ನಿದ್ದೆಗೆಡುತ್ತಾರೆ. 'ಸಿಕ್ಕಾಗ ಮಾಡುತ್ತೇನೆ, ಕೆಲವು ದಿನ ಬಾರದಿದ್ದರೂ ಗಾಬರಿಯಾಗಬೇಡಿ' ಎಂಬ ಒಪ್ಪಂದವೇ ವಾಸ್ತವಕ್ಕೆ ಹತ್ತಿರ. ಟಿವಿಯಲ್ಲಿ ಗಡಿಯ ಸುದ್ದಿ ಬಂದ ಕೂಡಲೇ ಎಲ್ಲರೂ ಸೇರಿ ಅವನ ನಂಬರಿಗೆ ಕರೆ ಮಾಡುತ್ತ ಕೂರುವುದರಿಂದ ಏನೂ ತಿಳಿಯುವುದಿಲ್ಲ. ಅನಾಹುತವಾದರೆ ಯೂನಿಟ್ಟು ಕುಟುಂಬಕ್ಕೆ ಅಧಿಕೃತವಾಗಿ ತಿಳಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಸುದ್ದಿಯನ್ನು ಅದಕ್ಕೆ ಸಮನೆಂದು ಎಣಿಸಬೇಡಿ.

ಕರೆ ಬಂದಾಗ ಸಿಗುವುದು ಹತ್ತು ನಿಮಿಷವಾದರೆ, ಅದರಲ್ಲಿ ಅವ್ವ, ಅಪ್ಪ, ತಮ್ಮ, ಮಕ್ಕಳು ಎಲ್ಲರೂ ಮಾತಾಡಿ, ಹೆಂಡತಿಯ ಕೈಗೆ ಫೋನು ಬರುವಷ್ಟರಲ್ಲಿ ಲೈನು ಕಡಿದುಹೋಗುವುದು ಕೂಡುಕುಟುಂಬಗಳಲ್ಲಿ ಸಾಮಾನ್ಯ. ಇದನ್ನು ಅವಳಾಗಿ ಹೇಳಿಕೊಳ್ಳಲಾರಳು, ಆದ್ದರಿಂದ ಸೈನಿಕನೇ ಸರಿಪಡಿಸಬೇಕು: ಒಂದು ಸಲ ಮನೆಯವರಿಗೆ, ಇನ್ನೊಂದು ಸಲ ನೇರವಾಗಿ ಅವಳ ನಂಬರಿಗೆ ಮಾಡುವುದು ಸರಳವಾದ ದಾರಿ. ಕೇಳಬೇಕಾದ ವಿಷಯಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೆ 'ಊಟ ಆಯ್ತಾ, ಚಳಿ ಹ್ಯಾಂಗದ' ಎಂಬಲ್ಲಿಗೇ ಮಾತು ಮುಗಿಯುವುದಿಲ್ಲ. ಸಣ್ಣ ಮಕ್ಕಳಿಗೆ ಫೋನಿನಲ್ಲಿ ಏನು ಮಾತಾಡಬೇಕೆಂದು ತೋಚದು. ಅಪ್ಪ ಹೊರಡುವ ಮೊದಲು ಕೆಲವು ಕಥೆಗಳನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟರೆ ಮಲಗುವ ಹೊತ್ತಿಗೆ ಕೇಳಿಸಬಹುದು.

ಕೆಟ್ಟ ಸುದ್ದಿಯನ್ನು ಅವನಿಗೆ ಹೇಳಬೇಕೇ ಎಂಬುದು ಪ್ರತಿ ಮನೆಯ ಪ್ರಶ್ನೆ. 'ಅಲ್ಲಿದ್ದು ಅವನೇನು ಮಾಡಿಯಾನು' ಎಂದು ಅಪ್ಪನ ಆಪರೇಷನ್ನನ್ನೇ ಮುಚ್ಚಿಡುವವರಿದ್ದಾರೆ. ಅದು ತಪ್ಪೆಂದು ನನ್ನ ಎಣಿಕೆ, ಏಕೆಂದರೆ ಊರಿನ ಯಾರೋ ಗೆಳೆಯ ಅದನ್ನು ತಿಳಿಸಿಯೇ ತಿಳಿಸುತ್ತಾನೆ, ಆಮೇಲೆ ನೀವು 'ಎಲ್ಲ ಚೆನ್ನಾಗಿದೆ' ಎಂದು ನಿಜವಾಗಿ ಹೇಳಿದಾಗಲೂ ಅವನು ನಂಬಲಾರ. ಏನಾಯಿತು, ಯಾರು ನೋಡಿಕೊಳ್ಳುತ್ತಿದ್ದಾರೆ, ಅವನಿಂದ ಏನಾದರೂ ಬೇಕೇ ಎಂಬ ಮೂರನ್ನೂ ಒಟ್ಟಿಗೆ ಹೇಳಿ. ನೆರೆಹೊರೆಯ ಜಗಳ, ಬದುವಿನ ತಕರಾರು ರಜೆಯವರೆಗೆ ಕಾಯಬಲ್ಲವು. 'ತಾಯಿ ಸೀರಿಯಸ್, ಕೂಡಲೇ ಹೊರಡು' ಎಂಬ ತಂತಿಯ ಕಾಲ 2013ರಲ್ಲಿ ತಂತಿ ಸೇವೆಯೊಂದಿಗೇ ಮುಗಿಯಿತು. ಈಗ ತುರ್ತು ರಜೆ ಬೇಕಾದರೆ ಆಸ್ಪತ್ರೆಯ ಕಾಗದದ ಫೋಟೋವನ್ನು ತಡಮಾಡದೆ ಯೂನಿಟ್ಟಿಗೆ ತಲುಪಿಸಿ. ಅದಕ್ಕಾಗಿಯೇ ಯೂನಿಟ್ಟಿನ ಕಚೇರಿಯ ನಂಬರು ಮನೆಯಲ್ಲಿರಬೇಕು. ಸಹಾಯ ಬೇಕಾದಾಗ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೂ ಕೇಳಬಹುದು. ಅದು ನಿವೃತ್ತರಿಗಷ್ಟೇ ಮೀಸಲಲ್ಲ.

ಪತ್ರ ಬರೆಯುವುದು ಹಳೆಯ ಕಾಲದ್ದೆಂದು ಬಿಡಬೇಡಿ. ಕಾಗದವನ್ನು ಬಂಕರಿನಲ್ಲಿ ಎಷ್ಟು ಸಲ ಬೇಕಾದರೂ ಓದಬಹುದು. ವಿಳಾಸದಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಯೂನಿಟ್ಟು, 9ರಿಂದ ಆರಂಭವಾಗುವ ಪಿನ್ ಮತ್ತು '56 ಎಪಿಒ' ಅಥವಾ '99 ಎಪಿಒ' (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಇರಬೇಕು. ಸ್ಥಳದ ಹೆಸರು ಬರೆಯಲೇಬಾರದು. ಖಾಸಗಿ ಕೊರಿಯರ್ ಈ ವಿಳಾಸಕ್ಕೆ ಹೋಗುವುದಿಲ್ಲ, ಅಂಚೆ ಕಚೇರಿಯಿಂದಲೇ ಕಳುಹಿಸಬೇಕು. ಚಳಿಗಾಲದಲ್ಲಿ ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆಮಾರ್ಗ ಹಿಮದಿಂದ ಮುಚ್ಚಿದಾಗ ಲಡಾಖಿನ ಅಂಚೆ ವಿಮಾನವನ್ನೇ ನೆಚ್ಚಿರುವುದರಿಂದ ತಡವಾಗುತ್ತದೆ. ಹಾಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕರದಂಟಿನಂಥ ಕೆಡದ ತಿನಿಸುಗಳೇ ಸರಿ. ಎಣ್ಣೆಯ ಉಪ್ಪಿನಕಾಯಿ ಸೋರಿದರೆ ಇಡೀ ಚೀಲದ ಅಂಚೆ ಹಾಳಾಗುತ್ತದೆ. ಕಳುಹಿಸುವಾಗ ಜೊತೆಯವರಿಗೂ ಸೇರಿಸಿ ಕಳುಹಿಸಿ, ಏಕೆಂದರೆ ಅಲ್ಲಿ ಡಬ್ಬಿ ತೆರೆಯುವಾಗ ಒಬ್ಬನೇ ಇರುವುದಿಲ್ಲ.

ಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಸೈನಿಕರಿಗೆ ಸೂಚಿಸಿತ್ತು. ಮನೆಯವರೂ ಎಚ್ಚರ ತಪ್ಪಬಾರದು: ಅವನ ಯೂನಿಟ್ಟು, ಹೊರಡುವ ದಿನ, ರೈಲು, ಸಮವಸ್ತ್ರದ ಫೋಟೋ ಇವು ಸ್ಟೇಟಸ್ಸಿಗೆ ಹಾಕುವ ವಿಷಯಗಳಲ್ಲ. ದೊಡ್ಡ ಸಾಹೇಬರೆಂದು ಹೇಳಿಕೊಂಡು ಕರೆ ಮಾಡಿ ಅವನಿರುವ ಸ್ಥಳ ವಿಚಾರಿಸುವವರಿಗೆ ಉತ್ತರಿಸದೆ, ಆ ನಂಬರನ್ನು ಯೂನಿಟ್ಟಿಗೆ ತಿಳಿಸಿ.

ಅಗ್ನಿವೀರನಲ್ಲದ ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಿಎಲ್ (ಸಾಂದರ್ಭಿಕ ರಜೆ) ಇರುತ್ತದೆ. ಯಾವಾಗ ಎಷ್ಟು ಸಿಗುವುದೆಂಬುದು ಯೂನಿಟ್ಟಿನ ಅಗತ್ಯವನ್ನು ಅವಲಂಬಿಸಿದೆ. ಹೀಗಾಗಿ ಮದುವೆ, ಗೃಹಪ್ರವೇಶಗಳ ಮುಹೂರ್ತವನ್ನು ಅವನ ರಜೆಗೆ ಹೊಂದಿಸುವಾಗ ಸ್ವಲ್ಪ ಹಿಂದುಮುಂದಾಗಲು ಎಡೆಯಿರಲಿ. ಬಂದ ಮೇಲೆ ಮೊದಲ ವಾರ ಅವನು ಮನೆಯ ಲೆಕ್ಕ, ಮಕ್ಕಳ ಶಿಸ್ತು ತಿದ್ದಲು ಹೊರಡದಿರುವುದು ಒಳ್ಳೆಯದು, ಏಕೆಂದರೆ ಅವನಿಲ್ಲದಾಗ ಮನೆ ತನ್ನದೇ ಕ್ರಮದಲ್ಲಿ ನಡೆದಿದೆ. ಬ್ಯಾಂಕು, ತಾಲ್ಲೂಕು ಕಚೇರಿ, ಸಹಿಗಳ ಕೆಲಸವನ್ನು ರಜೆಯ ನಡುವೆಯೇ ಮುಗಿಸಿಕೊಳ್ಳಿ. ವಾಪಸಾಗುವ ಹಿಂದಿನ ದಿನಕ್ಕೆ ಅವು ಉಳಿದರೆ ಅಂದು ಅವನು ಕಚೇರಿಗಳ ಸಾಲಿನಲ್ಲಿಯೇ ದಿನ ಕಳೆಯಬೇಕಾಗುತ್ತದೆ.