ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?

ಕಾರ್ಡಿನಲ್ಲಿ ಹಿಂದಿನ ತಿಂಗಳು ಬಿಪಿ 168/98 ಅಂತ ಬರೆದಿತ್ತು. ಅವತ್ತು ನೋಡಿದರೆ 172/100. "ಮಾತ್ರೆ ತಗೊಳ್ತಿದ್ದೀರಾ ಅಕ್ಕಾ?" ಅಂದೆ. "ಹ್ಞೂಂ ಸಿಸ್ಟರ್, ದಿನಾ ತಗೊಳ್ತೀನಿ" ಅಂದರು. ನನಗೆ ಸಿಟ್ಟು ಬಂತು. "ಲಕ್ವ ಹೊಡೆದು ಮಲಗಿದರೆ ನಿಮ್ಮನ್ನ ಯಾರು ನೋಡ್ಕೊಳ್ತಾರೆ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟೆ. ಆಮೇಲೆ ಆ ಅಕ್ಕ ಎರಡು ತಿಂಗಳು ನಮ್ಮ ಕಡೆ ತಲೆ ಹಾಕಲಿಲ್ಲ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ. ಬರುವವರಲ್ಲಿ ಜಾಸ್ತಿ ಜನ ಕಾಫಿ ತೋಟದ ಕೆಲಸದವರು, ತೋಟದ ಸಾಲುಮನೆಗಳಲ್ಲಿ (ಲೈನ್ ಮನೆ) ಇರುವವರು. ಬಿಪಿ, ಶುಗರ್ ಮಾತ್ರೆಯನ್ನು ಒಂದು ತಿಂಗಳಿಗಾಗುವಷ್ಟು ಪುಕ್ಕಟೆ ಕೊಡುತ್ತೇವೆ. ಆದರೂ ನುಂಗುವುದಿಲ್ಲ. "ಓದುಬರಹ ಇಲ್ಲ, ಹೇಳಿದ್ದು ತಲೆಗೆ ಹೋಗಲ್ಲ" ಅನ್ನುವ ಮಾತನ್ನು ನಾನೂ ನಂಬಿದ್ದೆ. ಅದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲೇ ಹೇಳಿದೆ: ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರು ಹೇಳಿದಂತೆ ಔಷಧಿ ತಗೊಳ್ಳುವುದು ಸುಮಾರು ಅರ್ಧದಷ್ಟು ಮಾತ್ರ.

ಆ ಎರಡು ತಿಂಗಳಲ್ಲಿ ನಾನು ಹಳೇ ನರ್ಸಿಂಗ್ ಪುಸ್ತಕ ತೆಗೆದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ 'ಹೆಲ್ತ್ ಬಿಲೀಫ್ ಮಾಡೆಲ್' ಅದರಲ್ಲಿತ್ತು. ಜನ ಆರೋಗ್ಯದ ಸಲಹೆಯನ್ನು ಯಾಕೆ ಪಾಲಿಸುತ್ತಾರೆ, ಯಾಕೆ ಪಾಲಿಸುವುದಿಲ್ಲ ಅಂತ ವಿವರಿಸುವ ಸಿದ್ಧಾಂತ ಅದು. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ತೆಗೆಯುತ್ತಿದ್ದರು. ಗಾಡಿ ಮನೆ ಹತ್ತಿರ ಬಂದು ನಿಂತರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆ ಅಂತ ಹುಡುಕಿದವರು ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮತ್ತು ಅವರ ಜೊತೆಯವರು. ಅವರು ಹೇಳಿದ್ದು ಇಷ್ಟು: ಕಾಯಿಲೆ ನನಗೂ ಬರಬಹುದು, ಬಂದರೆ ಕಷ್ಟ, ಔಷಧಿಯಿಂದ ಉಪಯೋಗ ಇದೆ ಅಂತ ಮನುಷ್ಯನಿಗೆ ಅನ್ನಿಸಬೇಕು. ಅಡ್ಡಿ ಕಮ್ಮಿಯಾಗಬೇಕು. ನೆನಪಿಸಲು ಏನಾದರೂ ಬೇಕು. 'ಇದು ನನ್ನ ಕೈಲಿ ಆಗುತ್ತೆ' ಅನ್ನುವ ಧೈರ್ಯದ ಮಾತು ಮನಶ್ಶಾಸ್ತ್ರಜ್ಞ ಬಂಡೂರಾ ಅವರದು. ಅದನ್ನು ಆಮೇಲೆ ಸೇರಿಸಿದರು. ಇಷ್ಟರಲ್ಲಿ ನಾನು ಮಾಡುತ್ತಿದ್ದದ್ದು ಒಂದೇ, 'ಬಂದರೆ ಕಷ್ಟ' ಅಂತ ಹೆದರಿಸುವುದು. ಅಡ್ಡಿ ಏನು ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಆಶಾ ಕಾರ್ಯಕರ್ತೆಯ ಜೊತೆ ಆ ಬಿಪಿ ಅಕ್ಕನ ಮನೆಗೆ ಹೋದೆ. ಬೆಲ್ಲದ ಕಾಫಿ ಕೊಟ್ಟರು. ಕುಡಿದಾದ ಮೇಲೆ, "ತುಂಬಾ ಜನಕ್ಕೆ ದಿನಾ ಮಾತ್ರೆ ತಗೊಳ್ಳೋದು ಕಷ್ಟ ಆಗುತ್ತೆ. ನಿಮಗೆ ಯಾವುದು ಕಷ್ಟ ಅಕ್ಕಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದೇವರ ಫೋಟೋ ಹಿಂದಿನಿಂದ ಒಂದು ಕವರ್ ತೆಗೆದರು. ಬಿಪಿಗೆ ನಾವು ಕೊಟ್ಟಿದ್ದ ಆಮ್ಲೋಡಿಪಿನ್ ಮಾತ್ರೆ ಪಟ್ಟಿಗಳು. ಒಂದರಲ್ಲಿ ನಾಲ್ಕು ಮಾತ್ರೆ ಖಾಲಿ, ಉಳಿದವು ಹಾಗೇ ಇದ್ದವು.

"ಇದು ತಗೊಂಡ್ರೆ ಕಾಲು ಊದುತ್ತೆ ಸಿಸ್ಟರ್. ಸಂಜೆ ಹೊತ್ತಿಗೆ ಚಪ್ಪಲಿ ಪಟ್ಟಿ ಹಿಡಿಯುತ್ತೆ. ಕಿಡ್ನಿ ಹೋಗ್ತಿದೆ, ಬಿಟ್ಟುಬಿಡು ಅಂದ್ರು ಪಕ್ಕದ ಮನೆಯವರು."

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುವುದು ನಿಜ. ಅದು ಕಿಡ್ನಿ ಹೋದದ್ದರಿಂದ ಅಲ್ಲ. ಆದರೆ ಅದನ್ನು ಮೊದಲೇ ಹೇಳಬೇಕಾದವಳು ನಾನು, ಅಲ್ವಾ? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿದೆ ಅಂತ ಅವರಿಗೇ ಹೇಳಿ, ಬೇರೆ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದರು.

ಇನ್ನು ನೆನಪಿನ ಮಾತು. "ಬೆಳಿಗ್ಗೆ ತಗೊಳ್ಳಿ" ಅಂದರೆ ಸಾಲದು. ಎದ್ದ ಮೇಲೆ ಏನೇನು ಮಾಡುತ್ತೀರಿ ಅಂತ ಅವರ ಬಾಯಲ್ಲೇ ಹೇಳಿಸಿದೆ. ಒಲೆ ಹಚ್ಚುವುದು, ನೀರು ಇಡುವುದು, ಕಾಫಿ ಪುಡಿ ಡಬ್ಬ ತೆಗೆಯುವುದು. "ಡಬ್ಬ ಮುಟ್ಟದ ದಿನ ಇಲ್ಲ ಸಿಸ್ಟರ್" ಅಂದರು. ಮಾತ್ರೆ ಪಟ್ಟಿಯನ್ನು ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದವರೂ ಅವರೇ. ಮೊಮ್ಮಗು ಇದೆ ಅಂತ ಡಬ್ಬ ಮೇಲಿನ ಅಟ್ಟಕ್ಕೆ ಹೋಯಿತು. ಮೂರು ತಿಂಗಳ ಮೇಲೆ 136/84 ಬಂತು. ಕಾರ್ಡಿನಲ್ಲಿ ಬರೆಯುವಾಗ ನನ್ನ ಕಣ್ಣು ತುಂಬಿತ್ತು.

ಶುಗರ್‌ನವರಲ್ಲಿ ಬೇರೆ ಅಡ್ಡಿ. ಮೆಟ್‌ಫಾರ್ಮಿನ್ ಅನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಹೊಟ್ಟೆ ತೊಳಸಿ ಬಿಟ್ಟವರು ಎಷ್ಟೋ ಜನ. ರೊಟ್ಟಿ ಜೊತೆ ತಗೊಳ್ಳಿ ಅಂದದ್ದರಿಂದಲೇ ಕೆಲವರು ಮತ್ತೆ ಶುರು ಮಾಡಿದರು.

ಮನಸ್ಸೇ ಇಲ್ಲದವರದು ಕಷ್ಟ. ಎಷ್ಟು ಮನಸ್ಸಿದೆ, ಹತ್ತಕ್ಕೆ ಎಷ್ಟು ಅಂತ ಕೇಳಿ ಮಾತು ಶುರು ಮಾಡುವ ಒಂದು ಕ್ರಮ ಇದೆ. ನಮ್ಮ ಅಜ್ಜಂದಿರಿಗೆ ಅದು ಹತ್ತಲಿಲ್ಲ. ಅದಕ್ಕೇ ಒಬ್ಬ ಅಜ್ಜನನ್ನು, "ಮಾತ್ರೆ ತಗೊಳ್ಳೋಕೆ ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?" ಅಂತ ಕೇಳಿದೆ.

"ನಾಲ್ಕಾಣೆ ಐತೆ ಕಣವ್ವ."

"ಏನೂ ಇಲ್ಲ ಅನ್ನಲಿಲ್ಲ ನೀವು. ಆ ನಾಲ್ಕಾಣೆ ಯಾಕೆ?"

ಅಜ್ಜ ಟವೆಲ್ ಮಡಚುತ್ತಾ ಹೇಳಿದರು. "ನಮ್ಮನೆಯವಳಿಗೆ ಕಣ್ಣು ಕಾಣಲ್ಲ. ನಾನು ಲಕ್ವ ಹೊಡೆದು ಬಿದ್ರೆ ಅವಳನ್ನ ಯಾರು ನೋಡ್ಕೊಳ್ತಾರೆ?"

ನಾನು ಆ ಅಕ್ಕನಿಗೆ ಬೈದ ಮಾತೇ ಅದು. ನನ್ನ ಬಾಯಿಂದ ಬಂದಾಗ ಅಕ್ಕನನ್ನು ಓಡಿಸಿತ್ತು. ಅಜ್ಜ ತಾವೇ ಹೇಳಿದಾಗ ನಾನು ಸುಮ್ನೆ ಕೂತು ಕೇಳಿದೆ. ಅವತ್ತು ಮಾತ್ರೆ ಒಯ್ಯಲಿಲ್ಲ. ಹದಿನೈದು ದಿನ ಬಿಟ್ಟು ತಾವಾಗಿ ಬಂದು, "ಕೊಡವ್ವ" ಅಂದರು.

ಕೊಯ್ಲಿಗೆ ಹೊರಗಿನಿಂದ ಬಂದವರು ಮಾತ್ರ ಇನ್ನೂ ಕೈತಪ್ಪುತ್ತಿದ್ದಾರೆ. ರೋಬಸ್ಟಾ ಕಾಫಿ ಕೊಯ್ಲು ಮುಗಿದ ವಾರವೇ ಊರಿಗೆ ಹೊರಟುಬಿಡುತ್ತಾರೆ. ಕಾರ್ಡು ಇಲ್ಲೇ ಉಳಿಯುತ್ತದೆ. ಈ ಸಲ ಜನವರಿಯಿಂದಲೇ ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೇನೆ: ಯಾವ ಊರು, ಅಲ್ಲಿ ಹತ್ತಿರದ ಆಸ್ಪತ್ರೆ ಯಾವುದು, ಆ ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ಮುಟ್ಟುವ ಡಬ್ಬ ಯಾವುದು.